ಕಾರಣ ತಪ್ಪು, ಉತ್ತರ ಸರಿ: ಬಾರ್ಲಿ ತಿನ್ನಿಸಿ ನೌಕಾಪಡೆ ಉಳಿಸಿದ ವೈದ್ಯನ ಕತೆ

ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಒಂದಷ್ಟು ಕಾಲ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೋಡ್ ಬರೆಯುತ್ತಿದ್ದೆ. ಪಕ್ಕದ ಸೀಟಿನ ಗೆಳೆಯನ ಡ್ರಾಯರ್‌ನಲ್ಲಿ ಸದಾ ಒಂದು ಬಿಳಿ ಡಬ್ಬಿ ಇರುತ್ತಿತ್ತು. ರಿಲೀಸ್ ಹತ್ತಿರ ಬಂದು ರಾತ್ರಿ ಒಂದು ಗಂಟೆವರೆಗೂ ಕೂರಬೇಕಾದ ವಾರಗಳಲ್ಲಿ ಅವನು ಅದರಿಂದ ಒಂದು ಮಾತ್ರೆ ತೆಗೆದು ಕಾಫಿ ಜೊತೆ ನುಂಗುತ್ತಿದ್ದ. ತಲೆ ಚುರುಕಾಗುತ್ತೆ, ಸುಸ್ತು ಹೋಗುತ್ತೆ ಅನ್ನೋದು ಅವನ ನಂಬಿಕೆ. ನನಗೂ ಎರಡು ಸಲ ಕೊಟ್ಟಿದ್ದ. ತಲೆ ಚುರುಕಾಯಿತೋ ಇಲ್ಲವೋ, ಬಗ್ ಅಂತೂ ಬೆಳಗಿನವರೆಗೆ ಹಾಗೇ ಇತ್ತು.

ಆ ಮಾತ್ರೆಯ ಹೆಸರು ಸಲ್ಬುಟಿಯಮಿನ್. ಕೇಳಲು ಭಾರಿ ಹೈಟೆಕ್ ಅನ್ನಿಸಿದರೂ ಅದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಹಳೇ ಥಯಾಮಿನ್, ಅಂದರೆ ವಿಟಮಿನ್ ಬಿ1 ಅನ್ನೇ ಲ್ಯಾಬಿನಲ್ಲಿ ಮಾರ್ಪಡಿಸಿ ಮಾಡಿದ ಸಂಯುಕ್ತ. ಥಯಾಮಿನ್‌ನ ಎರಡು ಅಣುಗಳನ್ನು ಗಂಧಕದ ಕೊಂಡಿಯಿಂದ ಬೆಸೆದು, ಕೊಬ್ಬಿನಲ್ಲಿ ಕರಗುವ ಹಾಗೆ ಮಾಡಿದ್ದಾರೆ. ಮಾಮೂಲಿ ಬಿ1 ನೀರಿನಲ್ಲಿ ಕರಗುತ್ತದೆ, ಕರುಳು ಅದನ್ನು ಒಂದು ಮಿತಿಯಲ್ಲಷ್ಟೇ ಹೀರಿಕೊಳ್ಳುತ್ತದೆ. ಈ ರೂಪ ಸುಲಭವಾಗಿ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಇದನ್ನು ಮುಂದೆ ಫ್ರಾನ್ಸಿನ ಸರ್ವಿಯೆ ಕಂಪನಿ ಆರ್ಕಾಲಿಯಾನ್ ಹೆಸರಲ್ಲಿ ನಿಶ್ಶಕ್ತಿಗೆ ಔಷಧಿಯಾಗಿ ಮಾರಿತು. ಈಗ ಆನ್‌ಲೈನ್‌ನಲ್ಲಿ ಬುದ್ಧಿ ಹೆಚ್ಚಿಸುವ ಮಾತ್ರೆಯಾಗಿ ಓಡಾಡುತ್ತಿದೆ. ಆರೋಗ್ಯವಂತರ ಬುದ್ಧಿ ಇದರಿಂದ ಹೆಚ್ಚುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಬಿ1 ವಿಟಮಿನ್ನಿನ ಹಿಂದೆ ಜಪಾನ್ ಯಾಕೆ ಅಷ್ಟು ಬಿದ್ದಿತ್ತು? ಈ ಎಳೆ ಹಿಡಿದು ಹಿಂದಕ್ಕೆ ಹೋದರೆ ಒಬ್ಬ ನೌಕಾಪಡೆಯ ವೈದ್ಯ ಸಿಗುತ್ತಾರೆ. ಹೆಸರು ತಕಾಕಿ ಕಾನೆಹಿರೊ. ವಿಟಮಿನ್ ಅನ್ನುವ ಪದವೇ ಹುಟ್ಟದ ಕಾಲದಲ್ಲಿ, ತಪ್ಪು ಸಿದ್ಧಾಂತವೊಂದನ್ನು ಕಟ್ಟಿಕೊಂಡು, ಸಾವಿರಾರು ಜೀವ ಉಳಿಸಿದವರು. ಅವರ ಮಾತು ಕೇಳದ ದೊಡ್ಡ ವಿದ್ವಾಂಸರು ಕಳೆದ ಜೀವಗಳ ಲೆಕ್ಕವೂ ಈ ಕತೆಯಲ್ಲೇ ಇದೆ.

ಬಿಳಿ ಅಕ್ಕಿಯ ರೋಗ

ಜಪಾನಿಗರು ಈ ರೋಗವನ್ನು ಕಕ್ಕೆ ಅನ್ನುತ್ತಿದ್ದರು. ನಮ್ಮ ಹಳದಿ ಹೂವಿನ ಕಕ್ಕೆ ಮರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಕಾಲಿನ ರೋಗ. ಮೊದಲು ಕಾಲು ಜೋಮು ಹಿಡಿಯುತ್ತದೆ, ಊದಿಕೊಳ್ಳುತ್ತದೆ, ನಡೆಯಲು ಆಗುವುದಿಲ್ಲ. ಕೊನೆಗೆ ಹೃದಯ ಸೋತು ಮನುಷ್ಯ ಸಾಯುತ್ತಾನೆ. ನಮ್ಮ ಪಠ್ಯಪುಸ್ತಕದ ಬೆರಿಬೆರಿ ಇದೇ.

ಇದಕ್ಕೆ ಎಡೊ ರೋಗ ಅಂತಲೂ ಹೆಸರಿತ್ತು. ಎಡೊ ಅಂದರೆ ಇವತ್ತಿನ ಟೋಕಿಯೊ. ಹಳ್ಳಿಯವರು ತವಿಡು ಪೂರ್ತಿ ಹೋಗದ ಅಕ್ಕಿ, ಬಾರ್ಲಿ, ಸಿರಿಧಾನ್ಯ ತಿನ್ನುತ್ತಿದ್ದರು. ರಾಜಧಾನಿಗೆ ಬಂದವರು ಮಲ್ಲಿಗೆಯಂಥ ಬಿಳಿ ಅಕ್ಕಿಗೆ ಬದಲಾಗುತ್ತಿದ್ದರು, ಕೆಲ ತಿಂಗಳಲ್ಲಿ ಕಾಲು ಊದುತ್ತಿತ್ತು. ಅರಮನೆಯನ್ನೂ ರೋಗ ಬಿಡಲಿಲ್ಲ. 1866ರಲ್ಲಿ ಶೋಗನ್ ತೊಕುಗಾವಾ ಇಯೆಮೋಚಿ ಸತ್ತಾಗ ಅವರಿಗೆ ಇನ್ನೂ 20 ವರ್ಷ. ಅವರ ಹೆಂಡತಿ, ರಾಜಕುಮಾರಿ ಕಜುನೊಮಿಯಾ 1877ರಲ್ಲಿ ಇದೇ ರೋಗಕ್ಕೆ ಬಲಿಯಾದರು. ಚಕ್ರವರ್ತಿ ಮೇಜಿಗೂ ಈ ಕಾಯಿಲೆ ಇತ್ತು.

ಈಗ ನಮಗೆ ಕಾರಣ ಗೊತ್ತು. ನಾವು ತಿಂದ ಪಿಷ್ಟ ಶಕ್ತಿಯಾಗಿ ಬದಲಾಗುವ ದಾರಿಯಲ್ಲಿ ಕೆಲವು ಕಿಣ್ವಗಳಿಗೆ ಥಯಾಮಿನ್ ಬೇಕೇ ಬೇಕು. ಅದು ಅಕ್ಕಿಯ ತವಿಡು ಮತ್ತು ಮೊಳಕೆಯ ಭಾಗದಲ್ಲಿದೆ. ಪಾಲಿಶ್ ಮಾಡಿದರೆ ಹೊರಟುಹೋಗುತ್ತದೆ. ಮೊದಲ ಪೆಟ್ಟು ಬೀಳುವುದು ಹೆಚ್ಚು ಶಕ್ತಿ ಬೇಡುವ ನರಗಳಿಗೆ ಮತ್ತು ಹೃದಯಕ್ಕೆ. 1870ರ ದಶಕದಲ್ಲಿ ಇದ್ಯಾವುದೂ ಯಾರಿಗೂ ಗೊತ್ತಿರಲಿಲ್ಲ.

ಕಾಗೊಶಿಮಾದಿಂದ ಲಂಡನ್‌ಗೆ

ತಕಾಕಿ ಹುಟ್ಟಿದ್ದು 1849ರಲ್ಲಿ, ಈಗಿನ ಮಿಯಾಜಾಕಿ ಪ್ರಾಂತ್ಯದಲ್ಲಿ. ಮನೆತನ ಸಮುರಾಯ್ ಅಂತ ಹೇಳಿಕೊಳ್ಳುವಂಥದ್ದಾದರೂ ಕೆಳ ದರ್ಜೆಯದು. ಹುಡುಗ ಮೊದಲು ಕಲಿತದ್ದು ಚೀನೀ ಪದ್ಧತಿಯ ವೈದ್ಯ. 1868ರ ಬೋಶಿನ್ ಯುದ್ಧದಲ್ಲಿ ಸತ್ಸುಮಾ ಪಡೆಯ ಜೊತೆ ವೈದ್ಯನಾಗಿ ಹೋದ. ಗುಂಡೇಟು ತಿಂದವರಿಗೆ ತಾನು ಕಲಿತ ಕಷಾಯಗಳು ಯಾವ ಕೆಲಸಕ್ಕೂ ಬರುವುದಿಲ್ಲ ಅನ್ನೋದನ್ನು ಆ ಇಪ್ಪತ್ತರ ಆಸುಪಾಸಿನ ಹುಡುಗ ಕಣ್ಣಾರೆ ಕಂಡ. ಅದೇ ಯುದ್ಧದಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ವೈದ್ಯ ವಿಲಿಯಂ ವಿಲ್ಲಿಸ್ ಶಸ್ತ್ರಚಿಕಿತ್ಸೆ ಮಾಡಿ ಗಾಯಾಳುಗಳನ್ನು ಉಳಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಾಗೊಶಿಮಾಕ್ಕೆ ಬಂದು ಪಾಠ ಶುರುಮಾಡಿದಾಗ ತಕಾಕಿ ಅವರ ಶಿಷ್ಯನಾದ.

1872ರಲ್ಲಿ ನೌಕಾಪಡೆ ಸೇರಿದ ತಕಾಕಿಯನ್ನು 1875ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಕಳಿಸಿದರು. ಐದು ವರ್ಷ ಅಲ್ಲಿದ್ದರು. ಫ್ಲಾರೆನ್ಸ್ ನೈಟಿಂಗೇಲ್ ಅವರ ನರ್ಸಿಂಗ್ ಶಾಲೆ ಇದ್ದದ್ದೂ ಅದೇ ಆಸ್ಪತ್ರೆಯಲ್ಲಿ. ಬ್ರಿಟಿಷ್ ವೈದ್ಯಕೀಯಕ್ಕೆ ಆಗ ಒಂದು ಅಭ್ಯಾಸ ಇತ್ತು: ರೋಗ ಎಲ್ಲಿದೆ, ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಅಂತ ಎಣಿಸಿ ಪಟ್ಟಿ ಮಾಡುವುದು. ಕಾಲರಾ ಕಾಲದಿಂದ ಬಂದ ಅಭ್ಯಾಸ. ತಕಾಕಿ ಊರಿಗೆ ಹೊತ್ತು ತಂದ ಮುಖ್ಯ ಸಾಮಾನು ಇದೇ ಅಂತ ನನಗನ್ನಿಸುತ್ತದೆ. ಇನ್ನೊಂದು ಸಂಗತಿಯೂ ಅವರ ತಲೆಯಲ್ಲಿ ಕೂತಿತ್ತು: ಬ್ರಿಟನ್ನಿನಲ್ಲಿ ಬೆರಿಬೆರಿ ಇರಲಿಲ್ಲ.

ಒಂದು ಸಂಬಳದ ನಿಯಮ

1880ರಲ್ಲಿ ವಾಪಸ್ ಬಂದಾಗ ನೌಕಾಪಡೆಯ ಪರಿಸ್ಥಿತಿ ಭಯಂಕರವಾಗಿತ್ತು. ವರ್ಷಕ್ಕೆ ಮೂರರಲ್ಲಿ ಒಬ್ಬ ನಾವಿಕ ಕಕ್ಕೆ ಹಿಡಿದು ಮಲಗುತ್ತಿದ್ದ. 1882ರಲ್ಲಿ ಕೊರಿಯಾದಲ್ಲಿ ಗಲಭೆಯಾಗಿ ಚೀನಾದ ಜೊತೆ ಜಗಳ ಬೀಳುವ ಹಂತಕ್ಕೆ ಬಂದಾಗ, ಅಲ್ಲಿಗೆ ಹೋದ ಕೆಲವು ಹಡಗುಗಳಲ್ಲಿ ಅರ್ಧಕ್ಕರ್ಧ ಜನ ನಿಲ್ಲಲೂ ಆಗದ ಸ್ಥಿತಿಯಲ್ಲಿದ್ದರು.

ತಕಾಕಿ ಎಣಿಸಲು ಕೂತರು. ಒಂದೇ ಹಡಗು, ಒಂದೇ ಗಾಳಿ, ಒಂದೇ ನೀರು. ಆದರೂ ರೋಗ ಸಾಮಾನ್ಯ ನಾವಿಕರಿಗೆ ಹೆಚ್ಚು, ಅಧಿಕಾರಿಗಳಿಗೆ ಕಡಿಮೆ. ವಿದೇಶಿ ಬಂದರಿನಲ್ಲಿ ನಿಂತು ಅಲ್ಲಿನ ಊಟ ಮಾಡುವಾಗ ರೋಗ ಇಳಿಯುತ್ತದೆ, ಹಡಗಿನ ಊಟಕ್ಕೆ ಮರಳಿದರೆ ಮತ್ತೆ ಏರುತ್ತದೆ. ಬಟ್ಟೆ, ಹವೆ, ವಸತಿ ಎಲ್ಲವನ್ನೂ ಹೋಲಿಸಿ ನೋಡಿದ ಮೇಲೆ ಉಳಿದದ್ದು ಊಟ ಒಂದೇ.

ಊಟದ ಹಿಂದೆ ಒಂದು ಆಡಳಿತದ ನಿಯಮ ಇತ್ತು. ನೌಕಾಪಡೆ ಅಕ್ಕಿಯನ್ನು ಪುಕ್ಕಟೆ ಕೊಡುತ್ತಿತ್ತು, ನೆಂಚಿಕೊಳ್ಳುವ ಪದಾರ್ಥಕ್ಕೆ ದುಡ್ಡು ಕೊಡುತ್ತಿತ್ತು. ಬಡ ರೈತರ ಮನೆಯಿಂದ ಬಂದ ಹುಡುಗರು ಏನು ಮಾಡುತ್ತಾರೆ? ಹೊಟ್ಟೆ ತುಂಬ ಬಿಳಿ ಅನ್ನ ಉಂಡು, ಪದಾರ್ಥದ ದುಡ್ಡು ಉಳಿಸಿ ಊರಿಗೆ ಕಳಿಸುತ್ತಾರೆ. ನನಗೆ ಈ ಇಡೀ ಕತೆಯಲ್ಲಿ ತುಂಬ ನೋವು ಕೊಡುವ ಭಾಗ ಇದು. ಆ ಹುಡುಗರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಅವರ ಲೆಕ್ಕ ಸರಿಯಾಗೇ ಇತ್ತು. ಆ ನಿಯಮದೊಳಗೆ ಬುದ್ಧಿವಂತಿಕೆಯಿಂದ ಬದುಕಿದವನೇ ಕಾಲು ಊದಿ ಸಾಯುತ್ತಿದ್ದ.

ಎರಡು ಹಡಗು, ಒಂದೇ ದಾರಿ

1882ರ ಕೊನೆಗೆ ರ್ಯೂಜೊ ಅನ್ನುವ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಿ ಬರಲು ಹೊರಟಿತು. ಹಡಗಿನಲ್ಲಿ 376 ಜನ. ಅವರಲ್ಲಿ 169 ಜನಕ್ಕೆ ಕಕ್ಕೆ ಬಂತು, 25 ಜನ ಸತ್ತರು. ಹವಾಯಿಯಲ್ಲಿ ಊಟದ ಸಾಮಾನು ಬದಲಿಸಿದ ಮೇಲೆ ಉಳಿದವರು ಚೇತರಿಸಿಕೊಂಡರು.

ತಕಾಕಿ ಒಂದು ಪಟ್ಟು ಹಿಡಿದರು. ಮುಂದಿನ ಹಡಗು ಇದೇ ದಾರಿಯಲ್ಲಿ ಹೋಗಬೇಕು, ಊಟ ಮಾತ್ರ ಬೇರೆ ಇರಬೇಕು. ದಾರಿ ಬದಲಿಸಲು, ಹೆಚ್ಚಿನ ಹಣ ಕೊಡಲು ಸರ್ಕಾರವನ್ನು ಒಪ್ಪಿಸಲು ಅವರು ಮಂತ್ರಿಗಳ ಬಾಗಿಲು ತಟ್ಟಿದರು, ಚಕ್ರವರ್ತಿಯ ಎದುರೂ ತಮ್ಮ ಅಂಕಿಅಂಶ ಇಟ್ಟರು. ಕೊನೆಗೆ 1884ರ ಫೆಬ್ರವರಿಯಲ್ಲಿ ತ್ಸುಕುಬಾ ಹೊರಟಿತು. 333 ಜನ, 287 ದಿನ. ಮಾಂಸ, ಮೀನು, ಬ್ರೆಡ್, ಕಾಳು, ಡಬ್ಬದ ಹಾಲು. ಪ್ರಯೋಗ ಸೋತಿದ್ದರೆ ತಕಾಕಿಯ ವೃತ್ತಿಜೀವನ ಅಲ್ಲಿಗೆ ಮುಗಿಯುತ್ತಿತ್ತು.

ಹಡಗು ವಾಪಸ್ ಬಂದಾಗ ಕಕ್ಕೆ ಬಂದಿದ್ದವರು ಹದಿನೈದರ ಆಸುಪಾಸು, ಸತ್ತವರು ಸೊನ್ನೆ. ಕಾಯಿಲೆ ಬಿದ್ದವರಲ್ಲಿ ಬಹುತೇಕರು ಹೊಸ ಊಟ ರುಚಿಸದೆ ಬಿಟ್ಟವರು.

ರುಚಿಯ ಸಮಸ್ಯೆ ಸಣ್ಣದೇನಲ್ಲ. ಅನ್ನ ಉಂಡು ಬೆಳೆದವರಿಗೆ ಬ್ರೆಡ್ಡು, ಮಾಂಸ ಹಿಡಿಸಲಿಲ್ಲ, ಜೊತೆಗೆ ಖರ್ಚೂ ಜಾಸ್ತಿ. ಹಾಗಾಗಿ 1885ರಿಂದ ತಕಾಕಿ ರಾಜಿ ದಾರಿ ಹಿಡಿದರು: ಅನ್ನಕ್ಕೇ ಬಾರ್ಲಿ, ಅಂದರೆ ಜವೆಗೋಧಿ ಬೆರೆಸಿ ಕೊಡುವುದು. ಬಾರ್ಲಿ ಅಗ್ಗ. ಪದಾರ್ಥದ ದುಡ್ಡಿನ ಬದಲು ಪದಾರ್ಥವನ್ನೇ ಕೊಡುವ ನಿಯಮ 1884ರಲ್ಲೇ ಬಂದಿತ್ತು. 1883ರಲ್ಲಿ ನೌಕಾಪಡೆಯ ಶೇ 23ರಷ್ಟು ಜನಕ್ಕೆ ಇದ್ದ ರೋಗ 1885ಕ್ಕೆ ಶೇ 1ಕ್ಕಿಂತ ಕೆಳಗಿಳಿಯಿತು.

ಥಿಯರಿ ತಪ್ಪಿತ್ತು

ಇಲ್ಲಿ ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ತಕಾಕಿ ಕೊಟ್ಟ ವಿವರಣೆ ತಪ್ಪು. ಊಟದಲ್ಲಿ ಸಾರಜನಕ ಮತ್ತು ಇಂಗಾಲದ ಅನುಪಾತ ಏರುಪೇರಾಗಿದೆ, ಅಂದರೆ ಪ್ರೋಟೀನ್ ಸಾಲದು, ಅದರಿಂದ ಕಕ್ಕೆ ಬರುತ್ತದೆ ಅನ್ನೋದು ಅವರ ಸಿದ್ಧಾಂತ. ಪ್ರೋಟೀನ್‌ಗೂ ಈ ರೋಗಕ್ಕೂ ನೇರ ಸಂಬಂಧ ಇಲ್ಲ. ಮಾಂಸ, ಕಾಳು, ಬಾರ್ಲಿ ಇವುಗಳಲ್ಲಿ ಪ್ರೋಟೀನ್ ಜೊತೆಗೆ ಥಯಾಮಿನ್ನೂ ಇತ್ತು. ಅವರು ಎಳೆದ ಹಗ್ಗಕ್ಕೆ ಬೇರೆಯೇ ಗಂಟೆ ಕಟ್ಟಿತ್ತು, ಬಾರಿಸಿತು.

ಇಂಜಿನಿಯರಿಂಗ್ ಕಲಿತವನಾಗಿ ನಾನು ಆ ಪ್ರಯೋಗವನ್ನು ಇವತ್ತು ರಿವ್ಯೂ ಮಾಡಿದರೆ ಹತ್ತು ತಕರಾರು ತೆಗೆಯಬಲ್ಲೆ. ಎರಡು ಹಡಗು ಹೊರಟದ್ದು ಬೇರೆ ಬೇರೆ ವರ್ಷ. ಜನ ಬೇರೆ. ಒಂದೇ ಹಡಗಿನಲ್ಲಿ ಅರ್ಧ ಜನಕ್ಕೆ ಹಳೇ ಊಟ ಕೊಟ್ಟು ಹೋಲಿಸಲಿಲ್ಲ. ಆ ಕಾಲದ ವಿರೋಧಿಗಳೂ ಇದನ್ನೇ ಹೇಳಿದರು, ಮತ್ತು ವಿಜ್ಞಾನದ ದೃಷ್ಟಿಯಿಂದ ಅವರ ತಕರಾರು ನ್ಯಾಯವಾಗಿಯೇ ಇತ್ತು. ಸಮಸ್ಯೆ ಇದ್ದದ್ದು ತಕರಾರಿನಲ್ಲಲ್ಲ. ತಕರಾರು ಬಗೆಹರಿಯುವ ತನಕ ಸೈನಿಕರಿಗೆ ಏನು ಉಣ್ಣಿಸಬೇಕು ಅನ್ನೋದರಲ್ಲಿ.

ಭೂಸೇನೆಯ ಹಠ

ಜಪಾನಿನ ಭೂಸೇನೆ ಮತ್ತು ಟೋಕಿಯೊ ವಿಶ್ವವಿದ್ಯಾಲಯದ ವೈದ್ಯರು ಜರ್ಮನ್ ಪರಂಪರೆಯವರು. ಕಾಕ್ ಕ್ಷಯದ ರೋಗಾಣು ಕಂಡುಹಿಡಿದ ಹೊಸತು. ಪ್ರತಿ ರೋಗಕ್ಕೂ ಒಂದು ರೋಗಾಣು ಇರಲೇಬೇಕು ಅನ್ನುವ ಹುರುಪು. 1885ರಲ್ಲಿ ಪ್ರೊಫೆಸರ್ ಒಗಾತಾ ಮಸನೊರಿ ಕಕ್ಕೆಯ ರೋಗಾಣು ಸಿಕ್ಕಿದೆ ಅಂತ ಪ್ರಕಟಿಸಿಯೂ ಬಿಟ್ಟರು. ಅದು ನಿಲ್ಲಲಿಲ್ಲ. ಆದರೂ ಲಂಡನ್ನಿನಲ್ಲಿ ಕಲಿತ ನೌಕಾಪಡೆಯ ವೈದ್ಯನೊಬ್ಬ ಅನ್ನಕ್ಕೆ ಬಾರ್ಲಿ ಬೆರೆಸಿ ರೋಗ ಓಡಿಸಿದೆ ಅಂದರೆ ಅವರಿಗೆ ಅದು ಅಜ್ಜಿಮದ್ದಿನ ಹಾಗೆ ಕೇಳಿಸುತ್ತಿತ್ತು.

ಭೂಸೇನೆಯ ವೈದ್ಯ ವಿಭಾಗದ ಇಶಿಗುರೊ ತದನೊರಿ ಮತ್ತು ಅವರ ಕೈಕೆಳಗಿನ ಮೋರಿ ರಿಂತಾರೊ ಈ ವಿರೋಧದ ಮುಂಚೂಣಿಯಲ್ಲಿದ್ದರು. ಮೋರಿ ಸಾಮಾನ್ಯ ಮನುಷ್ಯನಲ್ಲ. ಮೋರಿ ಓಗಾಯ್ ಅನ್ನುವ ಹೆಸರಲ್ಲಿ ಆಧುನಿಕ ಜಪಾನೀ ಸಾಹಿತ್ಯದ ದೊಡ್ಡ ಲೇಖಕ ಇವರೇ. ಜರ್ಮನಿಯಲ್ಲಿ ನಾಲ್ಕು ವರ್ಷ ಓದಿ ಬಂದವರು. ಸೈನಿಕರ ಸಣ್ಣ ಗುಂಪಿಗೆ ಕೆಲವೇ ದಿನ ಬೇರೆ ಬೇರೆ ಊಟ ಕೊಟ್ಟು, ಬಿಳಿ ಅನ್ನವೇ ಪೌಷ್ಟಿಕತೆಯಲ್ಲಿ ಮೇಲು ಅನ್ನುವ ಫಲಿತಾಂಶವನ್ನೂ ತೆಗೆದರು. ಅಳತೆ ಕರಾರುವಾಕ್ಕಾಗಿತ್ತು. ಆದರೆ ತಿಂಗಳುಗಟ್ಟಲೆ ಬೆಳೆಯುವ ರೋಗವನ್ನು ಕೆಲವು ದಿನಗಳ ಊಟದಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ಇನ್ನೊಂದು ಕಾರಣವೂ ಇತ್ತು. ಸೈನ್ಯಕ್ಕೆ ಬಂದರೆ ದಿನಕ್ಕೆ ಆರು ಗೋ, ಅಂದರೆ ಸುಮಾರು 900 ಗ್ರಾಂ ಬಿಳಿ ಅಕ್ಕಿ ಸಿಗುತ್ತದೆ ಅನ್ನೋದು ರೈತರ ಮಕ್ಕಳಿಗೆ ದೊಡ್ಡ ಆಸೆ. ಬಾರ್ಲಿ ಬಡವರ ಊಟ, ಜೈಲಿನ ಊಟ. ಮಜಾ ಅಂದರೆ ಖರ್ಚು ಉಳಿಸಲು ಬಾರ್ಲಿ ಅನ್ನ ಕೊಡುತ್ತಿದ್ದ ಒಸಾಕಾದ ಜೈಲುಗಳಲ್ಲಿ ಕಕ್ಕೆ ಇಳಿದಿತ್ತು. ಇದನ್ನು ಗಮನಿಸಿ ಅಲ್ಲಿನ ಸೇನಾ ವೈದ್ಯ ಹೊರಿಯುಚಿ ತೊಶಿಕುನಿ ತಮ್ಮ ತುಕಡಿಗೂ ಬಾರ್ಲಿ ಕೊಡಿಸಿ ಗೆದ್ದಿದ್ದರು. ಪುರಾವೆ ಸ್ವಂತ ಮನೆಯಲ್ಲೇ ಇತ್ತು. ಮೇಲಿನವರು ನೋಡಲಿಲ್ಲ.

1894-95ರ ಚೀನಾ ಯುದ್ಧದಲ್ಲಿ ಭೂಸೇನೆಯ ಸುಮಾರು 4,000 ಸೈನಿಕರು ಕಕ್ಕೆಯಿಂದ ಸತ್ತರು. ಕಾದಾಟದಲ್ಲಿ ಸತ್ತವರಿಗಿಂತ ಇದು ಎಷ್ಟೋ ಹೆಚ್ಚು. ಇಷ್ಟಾದರೂ ಪಾಠ ಕಲಿಯಲಿಲ್ಲ. 1904-05ರ ರಷ್ಯಾ ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಕಕ್ಕೆ ಬಂತು, ಸುಮಾರು 27,000 ಜನ ಸತ್ತರು. ಅದೇ ಯುದ್ಧ ಮಾಡಿದ ನೌಕಾಪಡೆಯಲ್ಲಿ ರೋಗ ಹೆಚ್ಚುಕಡಿಮೆ ಇರಲೇ ಇಲ್ಲ. ಕೊನೆಗೆ 1905ರ ಮಾರ್ಚ್‌ನಲ್ಲಿ, ಯುದ್ಧ ಮುಗಿಯುವ ಕೆಲವೇ ತಿಂಗಳ ಮುಂಚೆ, ಯುದ್ಧಮಂತ್ರಿ ತೆರಾವುಚಿ ಮಸತಾಕೆ ಬಾರ್ಲಿ ಕೊಡಲು ಆದೇಶ ಮಾಡಿದರು.

27,000 ಜನ. ಇಪ್ಪತ್ತು ವರ್ಷ ಮೊದಲೇ ಪಕ್ಕದ ಕಚೇರಿಯಲ್ಲಿ ಉತ್ತರ ಇತ್ತು.

ಬಾರ್ಲಿ ಬ್ಯಾರನ್

ತಕಾಕಿಯನ್ನು ಸಂತನನ್ನಾಗಿ ಮಾಡುವುದು ನನಗಿಷ್ಟವಿಲ್ಲ. ಅವರು ಸಾಮ್ರಾಜ್ಯದ ನೌಕರ. ಅವರು ಕಾಲ ಮೇಲೆ ನಿಲ್ಲಿಸಿದ ನಾವಿಕರನ್ನೇ ಬಳಸಿ ಜಪಾನ್ ತೈವಾನನ್ನು, ಮುಂದೆ ಕೊರಿಯಾವನ್ನು ನುಂಗಿತು. ಸೈನಿಕ ಸಾಯಬಾರದು ಅನ್ನೋದರ ಹಿಂದೆ ಅವನು ಇನ್ನೊಬ್ಬರನ್ನು ಕೊಲ್ಲಲು ಗಟ್ಟಿಯಾಗಿರಬೇಕು ಅನ್ನುವ ಲೆಕ್ಕವೂ ಇತ್ತು. ಆ ಕಾಲದ ಮಿಲಿಟರಿ ವೈದ್ಯಕೀಯ ಎಲ್ಲ ದೇಶಗಳಲ್ಲೂ ಹೀಗೇ ಇತ್ತು, ಆದರೆ ಅದನ್ನು ಹೇಳದೆ ಈ ಕತೆ ಪೂರ್ತಿಯಾಗುವುದಿಲ್ಲ.

ಜೊತೆಗೆ ಸಮವಸ್ತ್ರದ ಆಚೆಗೂ ಅವರ ಕೆಲಸ ಇದೆ. 1881ರಲ್ಲಿ ಅವರು ಶುರುಮಾಡಿದ ವೈದ್ಯಕೀಯ ಶಾಲೆಯೇ ಇವತ್ತಿನ ಜಿಕೇಯಿ ವೈದ್ಯಕೀಯ ವಿಶ್ವವಿದ್ಯಾಲಯ. ಮರುವರ್ಷ ಬಡವರಿಗಾಗಿ ಧರ್ಮಾಸ್ಪತ್ರೆ ತೆರೆದರು. 1885ರಲ್ಲಿ ಜಪಾನಿನ ಮೊದಲ ನರ್ಸಿಂಗ್ ತರಬೇತಿ ಶಾಲೆ ಅವರಿಂದಲೇ ಆಯಿತು. 1888ರಲ್ಲಿ ಜಪಾನಿನ ಮೊದಲ ವೈದ್ಯಕೀಯ ಡಾಕ್ಟರೇಟ್ ಪಡೆದವರಲ್ಲಿ ಒಬ್ಬರಾದರು. 1905ರಲ್ಲಿ ಬ್ಯಾರನ್ ಪದವಿ ಸಿಕ್ಕಿತು, ಜನ ಪ್ರೀತಿಯಿಂದಲೂ ಲೇವಡಿಯಿಂದಲೂ ಬಾರ್ಲಿ ಬ್ಯಾರನ್ ಅಂದರು. 1906ರಲ್ಲಿ ತಾವು ಓದಿದ ಸೇಂಟ್ ಥಾಮಸ್‌ನಲ್ಲೇ ಉಪನ್ಯಾಸ ಕೊಟ್ಟರು, ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. 1920ರಲ್ಲಿ ತೀರಿಕೊಂಡರು. ಅಂಟಾರ್ಟಿಕಾದ ಒಂದು ಭೂಶಿರಕ್ಕೆ ಈಗ ಅವರ ಹೆಸರಿದೆ.

ಕೋಳಿ, ಕುಚ್ಚಲಕ್ಕಿ, ಮಾತ್ರೆ

ನಿಜವಾದ ಕಾರಣ ಹೊರಬಂದದ್ದು ಬೇರೆ ಕಡೆ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಬಿಟ್ಟು ಬೀಳುವುದನ್ನೂ ತವಿಡು ಕೊಟ್ಟರೆ ಏಳುವುದನ್ನೂ ನೋಡಿದರು. 1910ರಲ್ಲಿ ಜಪಾನಿನ ಸುಜುಕಿ ಉಮೆತಾರೊ ತವಿಡಿನಿಂದ ಆ ಸತ್ವವನ್ನು ಬೇರ್ಪಡಿಸಿದರು. 1912ರಲ್ಲಿ ಕ್ಯಾಸಿಮಿರ್ ಫಂಕ್ ವಿಟಮಿನ್ ಅನ್ನುವ ಪದ ಕೊಟ್ಟರು. 1936ರಲ್ಲಿ ಥಯಾಮಿನ್‌ನ ರಚನೆ ಬಿಡಿಸಿ ಅದನ್ನು ಲ್ಯಾಬಿನಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ.

ನಮ್ಮ ಕಡೆಯ ಇನ್ನೊಂದು ಕೊಂಡಿ ಕುಚ್ಚಲಕ್ಕಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಲಯಾದಲ್ಲಿ ಬಿಳಿ ಅಕ್ಕಿ ತಿನ್ನುವ ಚೀನೀ ಕಾರ್ಮಿಕರು ಬೆರಿಬೆರಿಯಿಂದ ಸಾಯುತ್ತಿದ್ದಾಗ, ಕುಚ್ಚಲಕ್ಕಿ ತಿನ್ನುವ ತಮಿಳು ಕಾರ್ಮಿಕರು ಬಹುಮಟ್ಟಿಗೆ ಪಾರಾಗಿದ್ದರು. ಭತ್ತವನ್ನು ಬೇಯಿಸಿ ಒಣಗಿಸಿ ಆಮೇಲೆ ಮಿಲ್ ಮಾಡಿದರೆ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ, ಪಾಲಿಶ್ ಮಾಡಿದರೂ ಒಂದಷ್ಟು ಉಳಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಗಂಜಿಯೂಟದ ಅಕ್ಕಿ ಇದೇ.

ಜಪಾನಿಗೆ ಬಿ1 ಗೀಳು ಮಾತ್ರ ಬಿಡಲಿಲ್ಲ. 1950ರ ದಶಕದ ಆರಂಭದಲ್ಲಿ ಕ್ಯೋಟೊದ ಸಂಶೋಧಕರು ಬೆಳ್ಳುಳ್ಳಿ ಮತ್ತು ಥಯಾಮಿನ್ ಸೇರಿ ಉಂಟಾಗುವ, ಸುಲಭವಾಗಿ ರಕ್ತಕ್ಕೆ ಸೇರುವ ಸಂಯುಕ್ತವೊಂದನ್ನು ಕಂಡುಹಿಡಿದರು. 1954ರಲ್ಲಿ ತಕೇಡಾ ಕಂಪನಿ ಅಂಥದ್ದೇ ಒಂದು ಮಾತ್ರೆ ಮಾರುಕಟ್ಟೆಗೆ ತಂದಿತು. ಅದೇ ಸಾಲಿನಲ್ಲಿ ಮುಂದೆ ಬಂದದ್ದು ನನ್ನ ಗೆಳೆಯನ ಡ್ರಾಯರ್‌ನ ಸಲ್ಬುಟಿಯಮಿನ್.

ಈ ಕತೆ ಹೇಳಿದರೆ ಒಂದು ಅಪಾಯ ಇದೆ. ತಜ್ಞರೆಲ್ಲ ದಡ್ಡರು, ಹೊರಗಿನವನೇ ಸರಿ ಅಂತ ವಾಟ್ಸ್ಆ್ಯಪ್ ವೈದ್ಯರು ಇದನ್ನೇ ಎತ್ತಿಕೊಂಡು ಓಡಬಹುದು. ತಕಾಕಿ ಗೆದ್ದದ್ದು ತಜ್ಞರನ್ನು ಧಿಕ್ಕರಿಸಿದ್ದರಿಂದ ಅಲ್ಲ. ಅವರು ಎಣಿಸಿದರು, ಸೋಲುವ ಸಾಧ್ಯತೆ ಇರುವ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಂಡರು, ಬಂದ ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಅವರ ವಿರೋಧಿಗಳು ಮುಳುಗಿದ್ದು ಪ್ರಶ್ನೆ ಕೇಳಿದ್ದರಿಂದ ಅಲ್ಲ, ಉತ್ತರ ಎದುರಿಗೆ ಬಂದಾಗಲೂ ನೋಡದೆ ಇದ್ದುದರಿಂದ. ಯಾರನ್ನಾದರೂ ನಂಬುವ ಮೊದಲು ನಾವು ಕೇಳಬೇಕಾದ್ದು ಇಷ್ಟು: ನಿಮ್ಮ ಮಾತು ಸುಳ್ಳಾದರೆ ಅದು ನಮಗೆ ಗೊತ್ತಾಗುವುದು ಹೇಗೆ?

ಕೊನೆಯದಾಗಿ ಆ ಬಿಳಿ ಡಬ್ಬಿ. ಆ ನಾವಿಕರಿಗೆ ನಿಜಕ್ಕೂ ಬಿ1 ಕೊರತೆ ಇತ್ತು. ನನಗೆ, ನನ್ನ ಗೆಳೆಯನಿಗೆ ಇದ್ದದ್ದು ನಿದ್ದೆಯ ಕೊರತೆ. ತಕಾಕಿ ನಾವಿಕರ ಕೈಗೆ ಮಾತ್ರೆ ಕೊಟ್ಟು ಸುಮ್ಮನಾಗಲಿಲ್ಲ, ಅವರನ್ನು ಬರಿ ಅನ್ನಕ್ಕೆ ದೂಡುತ್ತಿದ್ದ ನಿಯಮವನ್ನೇ ತೆಗೆಸಿದರು. 2024ರಲ್ಲಿ ಕರ್ನಾಟಕದ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸುವ ಪ್ರಸ್ತಾವ ಚರ್ಚೆಗೆ ಬಂದಾಗ ನೌಕರರ ಸಂಘ ಅದನ್ನು ವಿರೋಧಿಸಿತು. ಆಗ ನನ್ನ ಹಳೇ ಸಹೋದ್ಯೋಗಿಗಳಲ್ಲಿ ಕೆಲವರು, ಇದೆಲ್ಲ ರಾಜಕೀಯ, ನಮಗ್ಯಾಕೆ ಅಂದರು. ನಮ್ಮ ಸುಸ್ತು ಎಲ್ಲಿಂದ ಬರುತ್ತಿದೆ ಅಂತ ಎಣಿಸಲು ಕೂತರೆ ಅವರಿಗೂ ಉತ್ತರ ಸಿಗುತ್ತದೆ. ಅದು ಡ್ರಾಯರ್‌ನ ಡಬ್ಬಿಯಲ್ಲಿಲ್ಲ, ಹಾಜರಿ ರಿಜಿಸ್ಟರ್‌ನಲ್ಲಿದೆ.